ಆಪ್ಶನ್‌ಗೆ ಹಾಕು

ಡೊಂಬಿವಲಿ ಪೂರ್ವ
10 ಜನವರಿ 1999

ಪ್ರಿಯ ಲಕ್ಷ್ಮೀಕಾಂತ,

ಎರಡು ವರ್ಷದ ಮೇಲೆ ಕಾಗದ ಬರೆಯುತ್ತಿದ್ದೇನೆ, ಅದೂ ನನ್ನ ಕೆಲಸಕ್ಕೆ. ಬೈಯುವುದಿದ್ದರೆ ಇಲ್ಲೇ ಬೈದು ಮುಂದಕ್ಕೆ ಓದು. ಕಲಬುರ್ಗಿಯ ಹಾಸ್ಟೆಲಿನಲ್ಲಿ ಒಂದೇ ಟ್ರಂಕನ್ನು ಮೇಜು ಮಾಡಿಕೊಂಡು ಇಬ್ಬರೂ ಬಿ.ಕಾಂ. ಓದಿದೆವು. ನಾನು ಎರಡನೇ ವರ್ಷಕ್ಕೆ ಬಿಟ್ಟು ಈ ಕಡೆ ಬಂದೆ. ನೀನು ಪೂರ್ತಿ ಓದಿ ಈಗ ಕಾಲೇಜಿನಲ್ಲಿ ಅದನ್ನೇ ಕಲಿಸುತ್ತಿದ್ದೀ. ಹಾಗಾಗಿ ಈ ಪ್ರಶ್ನೆ ನಿನಗೇ ಬರಬೇಕಾದ್ದು.

ಮಹಾಪೆಯ ಔಷಧಿ ಕಂಪನಿಯ ಗೋದಾಮಿನಲ್ಲಿ ನಾನು ಸ್ಟೋರ್‌ಕೀಪರ್ ಎಂಬುದು ನಿನಗೆ ಗೊತ್ತು. ನಾಲ್ಕು ವರ್ಷದ ಕೆಳಗೆ ಹಳಬರನ್ನೆಲ್ಲ ಕ್ಯಾಂಟೀನಿನಲ್ಲಿ ಕೂರಿಸಿ, ಪೇಢೆ ಹಂಚಿ, ಒಂದು ಇಂಗ್ಲಿಷ್ ಕಾಗದಕ್ಕೆ ಸಹಿ ಮಾಡಿಸಿಕೊಂಡಿದ್ದರು. ಅದರ ಹೆಸರು ಸ್ಟಾಕ್ ಆಪ್ಶನ್. ಆ ವರ್ಷ ಸಂಬಳ ಏರಿಸಲಿಲ್ಲ, ಬದಲಿಗೆ ಇದನ್ನು ಕೊಟ್ಟರು. ಪೇಢೆ ಅವತ್ತೇ ತಿಂದೆ, ಕಾಗದ ಪೆಟ್ಟಿಗೆಯಲ್ಲಿಟ್ಟೆ. ಈಗ ನೋಟೀಸ್ ಬೋರ್ಡಿಗೆ ಹಚ್ಚಿದ್ದಾರೆ: ನನ್ನ ಹೆಸರಿಗೆ ಎರಡು ಸಾವಿರ ಷೇರು, ಒಂದಕ್ಕೆ ಹತ್ತು ರೂಪಾಯಿ, ಮಾರ್ಚ್ 31ರೊಳಗೆ ದುಡ್ಡು ಕಟ್ಟಿ ಕೊಳ್ಳಬಹುದು. ಆಮೇಲೆ ಇಲ್ಲ.

ಕೊಟ್ಟದ್ದನ್ನೇ ನಾನು ದುಡ್ಡು ಕೊಟ್ಟು ಕೊಳ್ಳಬೇಕು ಅಂದರೆ ಅವರು ಕೊಟ್ಟದ್ದಾದರೂ ಏನು, ನನಗೆ ಹೊಳೆಯಲಿಲ್ಲ. ಹದಿನಾಲ್ಕು ವರ್ಷ ಸ್ಟಾಕ್ ರಿಜಿಸ್ಟರ್ ಬರೆದವನು ನಾನು. ಸ್ಟಾಕ್ ಅಂದರೆ ನನಗೆ ಡ್ರಮ್ಮು, ಚೀಲ, ಸೀಸೆ. ನಮ್ಮ ಲೋಡರ್ ಅಂಬಾರಾಯ, ಆಳಂದ ಕಡೆಯವನು, ನೋಟೀಸು ಹಚ್ಚಿದ ದಿನವೇ ಬಂದು ನಿಂತ.

"ಗುರಣ್ಣ, ಸ್ಟಾಕಿನಾಗ ಯಾವ್ದು ಬೇಕೋ ಆರಿಸ್ಕೋರಿ ಅಂತ ಬರದಾರಂತಲ್ಲ. ನನ್ನ ಹೆಸರಿಗಿ ಎರಡು ಖಾಲಿ ಡ್ರಮ್ ಬರೀರಿ. ಮನ್ಯಾಗ ನೀರು ತುಂಬಾಕ ಆಗ್ತಾವ."

"ಆ ಸ್ಟಾಕ್ ಅಲ್ಲೋ, ಇದು ಬ್ಯಾರೆ."

"ಬ್ಯಾರೆ ಅಂದ್ರ ಯಾವ್ದು?"

ಅದನ್ನೇ ನಿನ್ನನ್ನು ಕೇಳುತ್ತಿದ್ದೇನೆ.

ದಾನಮ್ಮ ಆರಾಮ ಇದ್ದಾಳೆ. ಮಗಳು ಕಾಂಚನಾಗೆ ಮಾರ್ಚ್‌ನಲ್ಲಿ ಹತ್ತನೆಯ ಪರೀಕ್ಷೆ, ಭೂಗೋಳದ ಅರ್ಧ ಪುಸ್ತಕ ಆಪ್ಶನ್‌ಗೆ ಹಾಕಿ ಕೂತಿದ್ದಾಳೆ.

ನಿನ್ನ
ಗುರುನಾಥ

ತಾ.ಕ. ಹಾಳೆ ಮುಗಿಯಿತು, ಅಂಚಿನಲ್ಲಿ ಅಡ್ಡವಾಗಿ ಬರೆಯುತ್ತಿದ್ದೇನೆ. ಆಪ್ಶನ್‌ಗೆ ಹಾಕುವುದು ಅಂದರೆ ನಿನಗೆ ತಿಳಿಯಲಿಕ್ಕಿಲ್ಲ. ನಾವು ಹಾಸ್ಟೆಲಿನಲ್ಲಿ "ಆ ಪಾಠ ಚಾಯ್ಸ್‌ನಲ್ಲಿ ಬಿಟ್ಟೆ" ಅನ್ನುತ್ತಿದ್ದೆವಲ್ಲ, ಅದಕ್ಕೇ ಈ ಕಡೆಯ ಮಕ್ಕಳು "ಆಪ್ಶನ್‌ಗೆ ಹಾಕಿದೆ" ಅನ್ನುತ್ತಾರೆ. ಓದದೆ ಕೈಬಿಟ್ಟದ್ದು. ಈಗ ನಮ್ಮ ಮನೆಯಲ್ಲಿ ಬಿಟ್ಟದ್ದಕ್ಕೆಲ್ಲ ಇದೇ ಮಾತು. ನೀರು ಬಾರದ ದಿನ ದಾನಮ್ಮ ಬಟ್ಟೆ ಒಗೆಯುವುದನ್ನು ಆಪ್ಶನ್‌ಗೆ ಹಾಕುತ್ತಾಳೆ.


ಕಲಬುರ್ಗಿ
24 ಜನವರಿ 1999

ಹೆಸರಿನಲ್ಲಿ ಗುರುವನ್ನೂ ನಾಥನನ್ನೂ ಇಟ್ಟುಕೊಂಡು ಅನಾಥನ ಹಾಗೆ ಪ್ರಶ್ನೆ ಕೇಳುವ ಗೆಳೆಯನಿಗೆ,

ಡೊಂಬಿವಲಿಯ ಲೋಕಲ್ ಗಾಡಿಯ ದೊಂಬಿಯಲ್ಲಿ ನೀನು ನನ್ನನ್ನು ಮರೆತೇಬಿಟ್ಟೆ ಅಂದುಕೊಂಡಿದ್ದೆ. ನೆನಪಾಯಿತಲ್ಲ, ಅದಕ್ಕೆ ನಿನ್ನ ಕಂಪನಿಗೆ ಕೃತಜ್ಞತೆ. ಆದರೆ ಷೇರಿನ ವಿಷಯ ಕೇಳಲು ನಿನಗೆ ಸಿಕ್ಕವನು ನೋಡು. ಹೆಸರು ಲಕ್ಷ್ಮೀಕಾಂತ, ಲಕ್ಷ್ಮಿ ಮಾತ್ರ ತವರಿಗೆ ಹೋದವಳು ಇನ್ನೂ ಬಂದಿಲ್ಲ. ಇಪ್ಪತ್ತನೇ ತಾರೀಖಿನತನಕ ಉಪನ್ಯಾಸಕ, ಅಲ್ಲಿಂದಾಚೆ ಉಪವಾಸಕ. ಕಾಮರ್ಸ್ ಎಂದರೆ ಕಾಸು ಮರೆಸುವ ಶಾಸ್ತ್ರ ಎಂದು ಮೊದಲ ತರಗತಿಯಲ್ಲೇ ಹೇಳಿಬಿಡುತ್ತೇನೆ. ಹುಡುಗರು ನಗುತ್ತಾರೆ, ಮುಂದೆ ಅನುಭವಿಸುತ್ತಾರೆ.

ಈಗ ಪಾಠ. ನಮ್ಮ ಬಸ್ ಸ್ಟ್ಯಾಂಡ್ ನೆನಪಿದೆಯೇ? ಬಸ್ಸು ತಿರುಗುವಷ್ಟರಲ್ಲಿ ನೀನು ಓಡಿಹೋಗಿ ಕಿಟಕಿಯಿಂದ ಸೀಟಿನ ಮೇಲೆ ಟವೆಲ್ ಎಸೆಯುತ್ತಿದ್ದೆ. ಆ ಟವೆಲ್ಲೇ ಆಪ್ಶನ್. ಟವೆಲ್ ಬಿದ್ದಮಾತ್ರಕ್ಕೆ ಸೀಟು ನಿನ್ನದಲ್ಲ, ಕೂರುವ ಹಕ್ಕು ಮಾತ್ರ ನಿನ್ನದು. ಕೂರಲೇಬೇಕೆಂಬ ಬಲವಂತವೂ ಇಲ್ಲ. ಟಿಕೆಟಿನ ದುಡ್ಡು ಕೊಟ್ಟು ಕೂತರೆ ಸೀಟು. ಬಸ್ಸು ಹೊರಡುವ ಹೊತ್ತಿಗೆ ನೀನು ಹೊರಗೆ ಚಹಾ ಕುಡಿಯುತ್ತಿದ್ದರೆ ಟವೆಲ್ಲಷ್ಟೇ ನಿನ್ನದು.

ಕಂಪನಿ ನಾಲ್ಕು ವರ್ಷದ ಕೆಳಗೆ ಹತ್ತು ರೂಪಾಯಿಯ ಸೀಟಿನ ಮೇಲೆ ನಿನ್ನ ಟವೆಲ್ ಹಾಕಿಟ್ಟಿದೆ. ನಾಳೆ ಆ ಸೀಟಿಗೆ ನೂರು ರೂಪಾಯಿಯ ಗಿರಾಕಿ ಬಂದರೂ ನಿನಗೆ ಹತ್ತೇ. ಆ ತೊಂಬತ್ತು ನಿನ್ನ ಲಾಭ. ಸೀಟಿನ ಬೆಲೆ ಎಂಟಕ್ಕೆ ಇಳಿಯಿತೋ, ಟವೆಲ್ ಕೊಡವಿಕೊಂಡು ಮನೆಗೆ ನಡೆ, ಕೈಯಿಂದ ಏನೂ ಹೋಗಲಿಲ್ಲ. ಹೊರದೇಶಗಳಲ್ಲಿ ಈ ಟವೆಲ್ಲುಗಳನ್ನೇ ಕೊಂಡು ಮಾರುವ ಪೇಟೆಯಿದೆಯಂತೆ, ಬಸ್ಸು ಹತ್ತುವ ಮನಸ್ಸೇ ಇಲ್ಲದವರು ದಿನಕ್ಕೆ ಸಾವಿರ ಟವೆಲ್ ಎಸೆಯುತ್ತಾರಂತೆ. ನಮ್ಮ ದೇಶಕ್ಕೆ ಅದಿನ್ನೂ ಬಂದಿಲ್ಲ.

ನಿನಗೆ ಯಾಕೆ ಕೊಟ್ಟರು? ಸಂಬಳ ಏರಿಸಿದರೆ ಇವತ್ತೇ ನಗದು ಕೊಡಬೇಕು, ಟವೆಲ್ಲಿಗೆ ಇವತ್ತು ಖರ್ಚಿಲ್ಲ. ಜೊತೆಗೆ, ಸೀಟಿನ ಆಸೆಗೆ ನೀನು ಬಸ್ ಸ್ಟ್ಯಾಂಡು ಬಿಟ್ಟು ಹೋಗುವುದಿಲ್ಲ.

ಒಂದೇ ಎಚ್ಚರ: ಹಕ್ಕು ಎಂಬುದು ಹಕ್ಕಿ. ಮಾರ್ಚ್ 31ಕ್ಕೆ ಹಾರಿಹೋಗುತ್ತದೆ. ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳಬೇಕಾದರೆ ಮೂರು ವರ್ಷದ ಲಾಭ ನಷ್ಟದ ಪಟ್ಟಿ ನನಗೆ ಬೇಕು, ಕಳಿಸು.

ಕಾಂಚನಾ ಭೂಗೋಳ ಆರಿಸಿಕೊಂಡದ್ದು ಒಳ್ಳೆಯದಾಯಿತು. ಅಪ್ಪ ಗೋದಾಮಿನಲ್ಲಿ ದಾಮು ಹುಡುಕಲಿ, ಮಗಳು ಭೂಮಿ ನೋಡಲಿ. ನಿನ್ನ ಅಂಚಿನ ಬರಹ ಇರುವೆಯ ಸಾಲಿನ ಹಾಗಿದೆ, ಕನ್ನಡಕ ಬದಲಿಸಿದ ಮೇಲೆ ಓದುತ್ತೇನೆ.

ನಿನ್ನ
ಲಕ್ಷ್ಮೀಕಾಂತ (ಲಕ್ಷ್ಮಿ ಬಿಟ್ಟು ಬರೀ ಕಾಂತ)


ಡೊಂಬಿವಲಿ ಪೂರ್ವ
21 ಫೆಬ್ರವರಿ 1999

ಪ್ರಿಯ ಕಾಂತ,

ಟವೆಲ್ ತಿಳಿಯಿತು. ಊಟದ ಹೊತ್ತಿನಲ್ಲಿ ಅಂಬಾರಾಯನಿಗೂ ಹೇಳಿದೆ. ಎಲ್ಲ ಕೇಳಿ, "ಟವೆಲ್ ಬ್ಯಾಡ್ರಿ, ಡ್ರಮ್ಮೇ ಇರಲಿ" ಅಂದ.

ನೀನು ಕೇಳಿದ ಪಟ್ಟಿಯ ಝೆರಾಕ್ಸ್ ಇದರೊಂದಿಗೆ ಇದೆ. ಅಕೌಂಟ್ಸಿನವರು, ಮಾಲೀಕರ ಕೈ ಖಾಲಿಯಾಗಿದೆ, ಅದಕ್ಕೇ ಕೆಲಸಗಾರರ ಜೇಬಿಗೆ ಕೈ ಹಾಕಿದ್ದಾರೆ ಅನ್ನುತ್ತಾರೆ. ಸೂಪರ್‌ವೈಸರು, ಕಂಪನಿ ಷೇರುಪೇಟೆಗೆ ಹೋಗುತ್ತದೆ, ಕಣ್ಣು ಮುಚ್ಚಿ ಕೊಳ್ಳಿ ಅನ್ನುತ್ತಾರೆ. ತಾವು ಮಾತ್ರ ಇನ್ನೂ ಕೊಂಡಿಲ್ಲ. ನಲವತ್ತು ಜನರಲ್ಲಿ ದುಡ್ಡು ಕಟ್ಟಿದವರು ಮೂವರು.

ನನ್ನ ಹತ್ತಿರ ಇಪ್ಪತ್ತು ಸಾವಿರ ಇಲ್ಲ. ದಾನಮ್ಮನ ಕೈಯಲ್ಲಿ ಪಾಟಲಿ ಇವೆ. ಕೇಳಿದ್ದಕ್ಕೆ ಅವಳು, "ಕೈಯಾಗಿನ ಬಂಗಾರ ಕೊಟ್ಟು ಕಾಗದ ತರೋದು ಯಾವ ಶಾಣ್ಯಾತನ?" ಅಂದಳು. ಮರುದಿನ ತಾನೇ ಬಿಚ್ಚಿ ಸೋಪು ಹಚ್ಚಿ ತೊಳೆದಿಟ್ಟಳು. "ಲಕ್ಷ್ಮೀಕಾಂತಣ್ಣ ಹೂಂ ಅಂದ್ರ ಒಯ್ಯಿರಿ" ಅಂದಳು. ಸರಾಫನಲ್ಲಿ ತೂಗಿಸಿ ಬಂದಿದ್ದೇನೆ, ಇಪ್ಪತ್ತಕ್ಕೆ ಸರಿಯಾಗುತ್ತದೆ.

ಇನ್ನೊಂದು ಮಾತು. ಎರಡು ಮಳೆಗಾಲದಿಂದ ಒಂದು ನೆಗಡಿ ಹಿಡಿದಿದೆ, ಬಿಡುತ್ತಿಲ್ಲ. ಹೆದರುವಂಥದ್ದೇನಲ್ಲ. ಕಲ್ಯಾಣದ ಡಾಕ್ಟರು ಗೋದಾಮಿನ ಗಾಳಿ ನಿನಗೆ ಆಗಿಬರುವುದಿಲ್ಲ, ಬಿಡು ಅನ್ನುತ್ತಾರೆ. ಎರಡು ವರ್ಷದಿಂದ ಹೇಳುತ್ತಿದ್ದಾರೆ. ಬಿಟ್ಟರೆ ಆ ಆಪ್ಶನ್ ಹೋಗುತ್ತದೆ, ಕೆಲಸದಲ್ಲಿದ್ದವರಿಗೆ ಮಾತ್ರ ಅಂತ ಕಾಗದದಲ್ಲಿ ಬರೆದಿತ್ತು. ಅದೇನಂತ ಗೊತ್ತಿಲ್ಲದೆಯೇ ಅದಕ್ಕಾಗಿ ಕೂತುಕೊಂಡೆ. ಷೇರು ನೀನು ಹೇಳಿದ ಹಾಗೆ ನೂರಕ್ಕೆ ಹೋದರೆ, ಕಲ್ಯಾಣದ ತಹಸೀಲ್ ಕಚೇರಿಯ ಎದುರು ಒಂದು ಅಂಗಡಿ ನೋಡಿಟ್ಟಿದ್ದೇನೆ. ಝೆರಾಕ್ಸ್ ಯಂತ್ರ, ಒಂದು ಫ್ಯಾನು, ಒಂದು ಕುರ್ಚಿ. ಬಾಗಿಲು ರಸ್ತೆಗೆ ತೆರೆಯುತ್ತದೆ, ಗಾಳಿ ಬರುತ್ತದೆ.

ಕೊಳ್ಳಲೋ, ಬಿಡಲೋ? ಒಂದೇ ಸಾಲು ಬರೆ. ನಿನ್ನ ಶ್ಲೇಷೆ ಓದಿ ನಗುತ್ತೇನೆ, ನಕ್ಕರೆ ಕೆಮ್ಮು ಬರುತ್ತದೆ. ಕಾರ್ಡಿನಲ್ಲಿ ಬರೆ, ಆಗ ನಿನ್ನ ಮಾತು ಉದ್ದವಾಗುವುದಿಲ್ಲ. ನೀನು ಹೇಳಿದಂತೆ ಮಾಡುತ್ತೇನೆ.

ನಿನ್ನ
ಗುರುನಾಥ


ಕಲಬುರ್ಗಿ
15 ಮಾರ್ಚ್ 1999
(ಕಾರ್ಡು)

ಗುರುನಾಥ,

ಪಟ್ಟಿ ಎರಡು ಸಲ ನೋಡಿದೆ. ಇನ್ನು ಯೋಚನೆ ಬೇಡ. ಆಪ್ಶನ್‌ಗೆ ಹಾಕು.

ಲಕ್ಷ್ಮೀಕಾಂತ

ಶ್ಲೇಷೆ ಇಲ್ಲ.


ಡೊಂಬಿವಲಿ ಪೂರ್ವ
1 ಏಪ್ರಿಲ್ 1999

ಪ್ರಿಯ ಕಾಂತ,

ನಿನ್ನ ಕಾರ್ಡು ಹತ್ತು ದಿನ ಮೊದಲೇ ಮುಟ್ಟಿತು. ನೀನು ಹೇಳಿದ ಹಾಗೆಯೇ ಆಪ್ಶನ್‌ಗೆ ಹಾಕಿದೆ. ನಿನ್ನೆ ಗಡುವು ಮುಗಿಯಿತು.

ಎರಡು ತಿಂಗಳಿಂದ ಲೋಕಲ್ಲಿನಲ್ಲಿ ನಿಂತರೂ ಅದೇ, ಶಿಳಫಾಟಾದ ಬಸ್ಸಿನಲ್ಲಿ ಕೂತರೂ ಅದೇ, ಕೊಳ್ಳಲೋ ಬಿಡಲೋ ಅಂತ ತಲೆಯಲ್ಲಿ ಗಾಣ ತಿರುಗುತ್ತಿತ್ತು. ಕಾರ್ಡು ಓದಿದ ಗಳಿಗೆ ನಿಂತಿತು. ದಾನಮ್ಮ ಹಾಲು ಒಲೆಯ ಮೇಲೆ ಬಿಟ್ಟು ಬಂದು ಕೇಳಿಸಿಕೊಂಡಳು. ಉಕ್ಕಿ ಹೋದದ್ದಕ್ಕೂ ಬೈಯಲಿಲ್ಲ. ನೀನು ಬಂದರೆ ಹೋಳಿಗೆ ಅಂತ ಹೇಳಿದ್ದಾಳೆ. ಕಾಗದವನ್ನು ದೇವರ ಫೋಟೋದ ಹಿಂದೆ ಇಟ್ಟಿದ್ದೇನೆ.

ಬಲ್ಲವನೊಬ್ಬ ಹೇಳಿದ, ನಾನು ಮಾಡಿದೆ. ಅಷ್ಟು ಸಾಕು. ಅಂಗಡಿಯ ವಿಚಾರ ಮುಂದೆ ನೋಡೋಣ.

ನಿನ್ನ
ಗುರುನಾಥ


ಕಲಬುರ್ಗಿ
22 ಏಪ್ರಿಲ್ 1999

ಮಾನ್ಯ ಮಾಲೀಕರ ಪಾದಕ್ಕೆ,

ಹದಿನಾಲ್ಕು ವರ್ಷ ಮಾಲು ಎಣಿಸಿದವನು ಒಂದೇ ಸಹಿಯಲ್ಲಿ ಮಾಲೀಕನಾದೆ. ಇನ್ನು ಮುಂದೆ ಗೋದಾಮಿನಲ್ಲಿ ಡ್ರಮ್ ಉರುಳಿದರೆ "ಯಾರಪ್ಪನ ಮನೆ ಗಂಟು" ಎಂದು ಬೈಯಬೇಡ, ಅದು ನಿನ್ನದೇ ಗಂಟು. ಕಾಗದವನ್ನು ದೇವರ ಹಿಂದೆ ಇಟ್ಟದ್ದು ಒಳ್ಳೆಯದೇ, ಆದರೆ ಜೋಪಾನ. ದೇವರು ಡಿವಿಡೆಂಡಿನಲ್ಲಿ ಪಾಲು ಕೇಳಿಯಾನು.

ನನಗೂ ಮೊದಲ ಸಲ ಅನ್ನಿಸಿತು, ನಾನು ಕಲಿಸುವುದು ಯಾರಿಗೋ ಉಪಯೋಗಕ್ಕೆ ಬಂತು. ತರಗತಿಯಲ್ಲಿ ನಿನ್ನ ಹೆಸರು ಹೇಳದೆ ನಿನ್ನ ಕಥೆ ಹೇಳಿದೆ. ಟವೆಲ್ ಕಥೆಗೆ ಹುಡುಗರು ಬೆಂಚು ಬಡಿದರು.

ಸೇವಕ
ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
20 ಜೂನ್ 1999

ಪ್ರಿಯ ಕಾಂತ,

"ಮಾಲೀಕರು" ಓದಿ ದಾನಮ್ಮನೂ ನಕ್ಕಳು. ಗಾಯಕ್ಕೆ ಉಪ್ಪು ಹಚ್ಚುವುದನ್ನೂ ನೀನು ನಗಿಸಿ ಹಚ್ಚುತ್ತೀ ಅಂದಳು. ಅಂಥ ಗಾಯವೇನೂ ಆಗಿಲ್ಲ ಬಿಡು. ಕೊಂಡ ನಾಲ್ವರು ಇನ್ನೂ ಮುಖ ಸಣ್ಣದು ಮಾಡಿಕೊಂಡು ತಿರುಗುತ್ತಿದ್ದಾರೆ, ನಾನು ಆರಾಮಾಗಿ ಊಟ ಮಾಡುತ್ತೇನೆ.

ಕಾಂಚನಾ ಪಾಸಾದಳು, ಐವತ್ತೆಂಟು. ಭೂಗೋಳದಲ್ಲಿ ಆಪ್ಶನ್‌ಗೆ ಹಾಕಿದ ಪಾಠದಿಂದಲೇ ಹನ್ನೆರಡು ಅಂಕಕ್ಕೆ ಬಂತಂತೆ.

ನೆಗಡಿ ಇದೆ. ಮಳೆಗಾಲ ಕಳೆಯಲಿ, ಹೋದೀತು.

ಗುರುನಾಥ


ಕಲಬುರ್ಗಿ
10 ಅಕ್ಟೋಬರ್ 1999

ಗೋದಾಮಿನ ಕುಬೇರನಿಗೆ,

ಮೂರು ತಿಂಗಳಿಂದ ನಿನ್ನ ಕಾಗದವಿಲ್ಲ. ಈಗ ಕಾರಣ ತಿಳಿಯಿತು, ನೋಟು ಎಣಿಸುವ ಕೈಗೆ ಪೆನ್ನು ಹಿಡಿಯಲು ಪುರುಸೊತ್ತೆಲ್ಲಿ. ಜುಲೈನಲ್ಲಿ ನಿನ್ನ ಕಂಪನಿ ಊರವರಿಗೆಲ್ಲ ತೊಂಬತ್ತು ರೂಪಾಯಿಗೊಂದರಂತೆ ಷೇರು ಮಾರಿತು. ಇವತ್ತು ಪೇಪರಿನಲ್ಲಿ ನೋಡಿದೆ, ಇನ್ನೂರ ನಲವತ್ತು. ಕನ್ನಡಕ ಒರೆಸಿ ಮತ್ತೆ ನೋಡಿದೆ, ಇನ್ನೂರ ನಲವತ್ತೇ.

ನೀನು ಲೆಕ್ಕ ಹಾಕಿರುತ್ತೀ, ನನ್ನ ಸಂತೋಷಕ್ಕೆ ನಾನೂ ಹಾಕುತ್ತೇನೆ. ಎರಡು ಸಾವಿರ ಷೇರಿಗೆ ನಾಲ್ಕು ಲಕ್ಷ ಎಂಬತ್ತು ಸಾವಿರ. ಅದರಲ್ಲಿ ದಾನಮ್ಮನವರ ಪಾಟಲಿಯ ಇಪ್ಪತ್ತು ಕಳೆ. ಉಳಿದದ್ದಕ್ಕೆ ಝೆರಾಕ್ಸ್ ಯಂತ್ರ ಒಂದಲ್ಲ, ನಾಲ್ಕು ಕೊಂಡು ನಾಲ್ಕನ್ನೂ ಒಂದರಲ್ಲಿ ಒಂದು ಝೆರಾಕ್ಸ್ ಮಾಡು. ಫ್ಯಾನು ಎರಡು ಹಾಕಿಸು, ಒಂದು ನಿನಗೆ, ಒಂದು ನಿನ್ನ ದುಡ್ಡಿಗೆ.

ಗೋದಾಮು ಯಾವತ್ತು ಬಿಡುತ್ತೀ? ಆ ದಿನ ನನಗೆ ಹೇಳು, ಹೋಳಿಗೆಗೆ ಬರುತ್ತೇನೆ.

ನಿನ್ನ
ಲಕ್ಷ್ಮೀಕಾಂತ


ಕಲಬುರ್ಗಿ
4 ನವೆಂಬರ್ 1999

ಗುರುನಾಥ ಶೇಠರಿಗೆ,

ಷೇರು ಬಂದು ಸೇರಿತು, ಸ್ನೇಹಿತನನ್ನು ಸೇರಿಸುವವರಿಲ್ಲ. ಹಿಂದಿನ ಕಾಗದಕ್ಕೆ ಉತ್ತರವಿಲ್ಲ. ನಾನೇನು ಪಾಲು ಕೇಳಲಿಲ್ಲವಲ್ಲ, ಪಾಲಿಗೆ ಬಂದ ಒಂದು ಕಾರ್ಡು ಕೇಳಿದೆ. ದೀಪಾವಳಿಗೆ ಈ ಸಲ ನಿನ್ನ ಮನೆಯಲ್ಲಿ ಲಕ್ಷ್ಮೀಪೂಜೆಯೋ, ಅಥವಾ ಲಕ್ಷ್ಮಿಯೇ ನಿನ್ನ ಪೂಜೆ ಮಾಡುತ್ತಾಳೋ?

ತಮಾಷೆ ಸಾಕು. ಹೇಗಿದ್ದೀ ಬರೆ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
14 ನವೆಂಬರ್ 1999

ಲಕ್ಷ್ಮೀಕಾಂತ ಅವರಿಗೆ,

ನಿಮ್ಮ ಎರಡೂ ಕಾಗದ ಮುಟ್ಟಿವೆ. ಮೊದಲನೆಯದನ್ನು ದಾನಮ್ಮನಿಗೆ ಓದಿ ಹೇಳಲಿಲ್ಲ. ಎರಡನೆಯದು ಬಂದಾಗ ಅವಳೇ, ಅದನ್ನ ಒಡಿಯಬ್ಯಾಡ್ರಿ ಅಂದಳು. ಒಡೆದೆ.

ನೀವು ತಮಾಷೆ ಮಾಡುವವರು, ನನಗೆ ಹೊಸದಲ್ಲ. ಮಾಲೀಕ ಅಂದಿರಿ, ನಕ್ಕೆವು. ಆಗ ಷೇರಿಗೆ ಬೆಲೆ ಇರಲಿಲ್ಲ. ಆದರೆ ನಾಲ್ಕು ಲಕ್ಷ ಎಂಬತ್ತು ಸಾವಿರವನ್ನು ಕೂಡಿ ಕಳೆದು ಬರೆದು, ಪಾಟಲಿಯ ಲೆಕ್ಕವನ್ನೂ ಹಿಡಿದು, ಅಂಗಡಿಗೆ ಎರಡು ಫ್ಯಾನು ಹಾಕಿಸು ಅಂತ ಬರೆಯುವುದಕ್ಕೆ ನಿಮ್ಮ ಕೈ ಹೇಗೆ ಬಂತು? ನೀವೇ ಬಿಡು ಅಂದಿರಿ. ಬಿಟ್ಟೆ. ನಿಮ್ಮ ಲೆಕ್ಕ ತಪ್ಪಿತು ಅಂತ ನಾನು ಒಂದು ಮಾತು ಅಂದಿಲ್ಲ. ಬಲ್ಲವರೂ ತಪ್ಪುತ್ತಾರೆ. ತಪ್ಪಿದವರು ನಗಬಾರದು.

ಮಾರ್ಚ್ 20ಕ್ಕೆ ನಿಮ್ಮ ಕಾರ್ಡು ಬಂದಾಗ ನಾನು ಪಾಟಲಿಯನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಸರಾಫನಲ್ಲಿಗೆ ಹೊರಟು ನಿಂತಿದ್ದೆ. ನೀವು ಕೊಳ್ಳು ಅನ್ನುತ್ತೀರಿ ಅಂತಲೇ ನನ್ನ ಮನಸ್ಸಿನಲ್ಲಿತ್ತು. ಚಪ್ಪಲಿ ಮೆಟ್ಟಿಕೊಂಡೇ ಜೋರಾಗಿ ಓದಿದೆ. ಇನ್ನು ಯೋಚನೆ ಬೇಡ, ಆಪ್ಶನ್‌ಗೆ ಹಾಕು. ಕಾಂಚನಾ ಪುಸ್ತಕ ಮುಚ್ಚಿ, "ಬಘಾ, ಕಾಕಾ ಪಣ ಆಪ್ಶನ್‌ಲಾ ಟಾಕ್ ಮ್ಹಣತಾತ್" ಅಂತ ಚಪ್ಪಾಳೆ ತಟ್ಟಿದಳು. ನೋಡಿ, ಕಾಕಾ ಕೂಡ ಬಿಟ್ಟುಬಿಡು ಅನ್ನುತ್ತಾರೆ ಅಂತ. ದಾನಮ್ಮ ಅಲ್ಲೇ ನಿಂತು ಪಾಟಲಿ ಮತ್ತೆ ಕೈಗೇರಿಸಿದಳು. ಆ ಕಾರ್ಡೇ ದೇವರ ಫೋಟೋದ ಹಿಂದೆ ಇರುವುದು. ಷೇರಿನ ಕಾಗದವೇನಲ್ಲ.

ಅಂಬಾರಾಯನಿಗೆ ಐದು ನೂರು ಷೇರು ಇತ್ತು. ಕೊನೆಯ ದಿನ ಐದು ಸಾವಿರ ಕಟ್ಟಿ ಕೊಂಡ. ಯಾಕೆ ಅಂದರೆ, ದುಡ್ಡು ಕಟ್ಟಿದವರಿಗೆ ಡ್ರಮ್ ಕೊಡುತ್ತಾರೆ ಅಂತ ಕೊನೆಯವರೆಗೂ ನಂಬಿದ್ದ. ಈಗ ಮಾರಿ, ಕೆಲಸ ಬಿಟ್ಟು, ಉಲ್ಹಾಸನಗರದಲ್ಲಿ ಹಳೆ ಡ್ರಮ್ಮಿನ ಅಂಗಡಿ ಹಾಕಿದ್ದಾನೆ. ಮೊನ್ನೆ ಬಂದು ನನಗೊಂದು ಡ್ರಮ್ ಪುಕ್ಕಟೆ ಕೊಟ್ಟುಹೋದ. ಇದು ನಿಮ್ಮ ತರಗತಿಯಲ್ಲಿ ಹೇಳಬಹುದು. ಹುಡುಗರು ಬೆಂಚು ಬಡಿದಾರು.

ಇತಿ
ಗುರುನಾಥ


ಕಲಬುರ್ಗಿ
22 ನವೆಂಬರ್ 1999

ಗುರುನಾಥ,

ನಾನು ಬಿಡು ಅಂತ ಬರೆಯಲಿಲ್ಲ.

ನಿನ್ನ ಕಾಗದ ನಾಲ್ಕು ಸಲ ಓದಿದೆ. ನಿನಗೆ ತಲೆ ಕೆಟ್ಟಿದೆಯೋ ನನಗೋ ಅಂತ ತಿಳಿಯಲಿಲ್ಲ. ಆಮೇಲೆ ಈ ವರ್ಷದ ನಿನ್ನ ಕಾಗದಗಳನ್ನೆಲ್ಲ ತೆಗೆದು ಮಂಚದ ಮೇಲೆ ಸಾಲಾಗಿ ಇಟ್ಟು ಮೊದಲಿಂದ ಓದಿದೆ. ಜನವರಿಯದು ಮೊದಲನೆಯದು. ಅಂಚಿನಲ್ಲಿ ನೀನು ಅಡ್ಡವಾಗಿ ಬರೆದಿದ್ದೀ. ಹಾಳೆ ತಿರುಗಿಸಿ ಹಿಡಿದು ಓದಿದೆ. ಕನ್ನಡಕ ಬದಲಿಸಿ ಎಂಟು ತಿಂಗಳಾಯಿತು.

ನಾನು ಬರೆದದ್ದು ದುಡ್ಡು ಹಾಕು ಅಂತ. ಆಪ್ಶನ್‌ಗೆ ದುಡ್ಡು ಹಾಕು, ಕೊಂಡುಕೋ ಅಂತ. ಕಾರ್ಡು ಸಣ್ಣದಿರಲಿ, ನಿನಗೆ ಗೊಂದಲ ಬೇಡ ಅಂತ ಒಂದು ಪದ ಉಳಿಸಿದೆ. ಹಣ ಎಂಬ ಪದ. ಅದಕ್ಕೆ ಜಾಗ ಇತ್ತು. ಶ್ಲೇಷೆ ಇಲ್ಲ ಎಂದು ಬರೆಯಲು ಜಾಗ ಇತ್ತಲ್ಲ.

ಎಂಟನೇ ತರಗತಿಯಿಂದ ಪದಗಳಿಗೆ ಎರಡು ಅರ್ಥ ಹುಡುಕುವುದೇ ನನ್ನ ಕಸುಬು. ಹುಡುಕದೆ ಬರೆದದ್ದು ಆ ಒಂದು ಸಾಲು. ನೀನು ಎರಡನೆಯ ಅರ್ಥವನ್ನು ಎರಡು ತಿಂಗಳು ಮೊದಲೇ ನನಗೆ ಬರೆದು ಕಳಿಸಿದ್ದೆ. ನಾನು ಆ ಅಂಚನ್ನು ಆಪ್ಶನ್‌ಗೆ ಹಾಕಿದ್ದೆ.

ಇನ್ನೊಂದು ಇದೆ, ಅದನ್ನೂ ಬರೆದುಬಿಡುತ್ತೇನೆ. ಜುಲೈನಲ್ಲಿ ನಿನ್ನ ಕಂಪನಿಯ ನೂರು ಷೇರು ನಾನೂ ಕೊಂಡೆ, ತೊಂಬತ್ತರಂತೆ. ಗುರುನಾಥ ಕೊಂಡಿದ್ದಾನೆ, ನನಗೂ ಇರಲಿ ಅಂತ. ಅಕ್ಟೋಬರಿನಲ್ಲಿ ಮಾರಿದೆ. ಬಂದ ಲಾಭದಲ್ಲಿ ಒಂದು ಹಳೆ ಸ್ಕೂಟರ್ ಕೊಂಡೆ. ನಿನಗೆ ಹೇಳದೆ ಇದ್ದದ್ದು, ನೀನು ಲಕ್ಷಗಳನ್ನು ನೋಡಿದವನು, ನನ್ನ ಹದಿನೈದು ಸಾವಿರಕ್ಕೆ ನಕ್ಕೀಯ ಅಂತ.

ಸ್ಕೂಟರಿಗೆ ಗಿರಾಕಿ ಗೊತ್ತುಮಾಡಿದ್ದೇನೆ. ಬಂದದ್ದನ್ನು ಕಳಿಸುತ್ತೇನೆ. ಅದು ಯಾವುದಕ್ಕೂ ಸಾಲದು ಎಂದು ಗೊತ್ತಿದೆ. ರಜೆ ಸಿಕ್ಕ ಕೂಡಲೇ ನಾನೇ ಬರುತ್ತೇನೆ. ದಾನಮ್ಮನವರ ಎದುರು ಹೇಗೆ ನಿಲ್ಲಲಿ ತಿಳಿಯದು.

ನೆಗಡಿ ಅಂತ ನೀನು ಬರೆಯುತ್ತಾ ಬಂದೆ. ಒಂದು ನೆಗಡಿಗೆ ಡಾಕ್ಟರು ಎರಡು ವರ್ಷದಿಂದ ಕೆಲಸ ಬಿಡು ಅನ್ನುವುದಿಲ್ಲ. ಆ ಸಾಲನ್ನೂ ನಾನು ಫೆಬ್ರವರಿಯಲ್ಲಿ ಓದಿದ್ದೆ, ಓದಿ ಲಾಭ ನಷ್ಟದ ಪಟ್ಟಿಗೆ ಹೋಗಿಬಿಟ್ಟೆ. ಅದೇನು ಅಂತ ಬರೆ. ನನ್ನನ್ನು ಬೈದಾದರೂ ಬರೆ.

ಲಕ್ಷ್ಮೀಕಾಂತ


ಡೊಂಬಿವಲಿ ಪೂರ್ವ
12 ಡಿಸೆಂಬರ್ 1999
(ಕಾರ್ಡು)

ಪ್ರಿಯ ಕಾಂತ,

ನಿನ್ನ ಕಾಗದ ದಾನಮ್ಮನಿಗೆ ಓದಿ ಹೇಳಿದೆ. ಕಾಂಚನಾ ಅತ್ತಳು, ತಾನು ಚಪ್ಪಾಳೆ ತಟ್ಟಿದೆ ಅಂತ. ಅವಳಿಗೆ ಸಮಾಧಾನ ಹೇಳಿ ಒಂದು ಸಾಲು ಬರೆ, ಮರಾಠಿ ಅಕ್ಷರದಲ್ಲಿ ಬರೆದರೆ ಓದುತ್ತಾಳೆ. ಸ್ಕೂಟರ್ ಮಾರಬೇಡ, ನೀನಾದರೂ ಕೂತು ಓಡಾಡು.

ನೆಗಡಿಯಲ್ಲ. ಎರಡೂ ಶ್ವಾಸಕೋಶ ಅರ್ಧಕ್ಕಿಂತ ಹೆಚ್ಚು ಹೋಗಿವೆಯಂತೆ. ಎಕ್ಸ್‌ರೇಗೆ, ಔಷಧಿಗೆ ಅಂತ ಪಾಟಲಿ ದಸರೆಗೆ ಮೊದಲೇ ಮಾರಿದೆವು. ನೀನು ಹೇಳಿದ ಟವೆಲ್ ಉಳಿದಿದೆ, ಕೆಮ್ಮುವಾಗ ಬಾಯಿಗೆ ಹಿಡಿಯುತ್ತೇನೆ. ಕಲ್ಯಾಣದ ಅಂಗಡಿಯಲ್ಲಿ ಈಗ ಯಾರೋ ಎಸ್.ಟಿ.ಡಿ. ಬೂತು ಇಟ್ಟಿದ್ದಾರೆ.

ಡಾಕ್ಟರು ಒಂದು ದಿನವೂ ಇನ್ನು ಗೋದಾಮಿಗೆ ಹೋಗಕೂಡದು ಅಂದರು. ಕಾಂಚನಾಳ ಕಾಲೇಜು ಇದೆ, ಖೋಲಿಯ ಬಾಡಿಗೆ ಇದೆ. ನಾಳೆ ಫಸ್ಟ್ ಶಿಫ್ಟು. ಅವರ ಮಾತನ್ನು ಆಪ್ಶನ್‌ಗೆ ಹಾಕಿದ್ದೇನೆ. ಡೊಂಬಿವಲಿಯ ಅರ್ಥದಲ್ಲಿ ಓದಿಕೋ.

ನಿನ್ನ
ಗುರುನಾಥ